ದೇವರ ಮುಂದಿಟ್ಟ ಸ್ಟೀಲ್ ಡಬ್ಬಿ

"ಅಯ್ಯೋ... ಅದನ್ನ ತೆಗೀಬೇಡಿ!"

ಆಕರ್ಷ್ ಕೂಗುವಷ್ಟರಲ್ಲಿ ಶರ್ವಾಣಿ ಮುಚ್ಚಳ ತೆಗೆದಾಗಿತ್ತು. ಹೆಣ್ಣು ನೋಡಲು ಬಂದವರು ತಂದ ಸಿಹಿಯೆಂದು ಅವಳ ಅಮ್ಮ ಕಾಂತಮ್ಮ ಆ ಡಬ್ಬಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದರು. ಒಳಗೆ, ಮೂಗು ಸುಡುವ ಫಾರ್ಮಾಲಿನ್‌ನಲ್ಲಿ ಮುಳುಗಿದ್ದ ಕುರಿಯ ಮೆದುಳು!

"ಥೂ!"

ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಎರಡು ತಿಂಗಳಿಂದ ಫೋನಿನಲ್ಲಿ ಅಷ್ಟು ನಯವಾಗಿ ಮಾತಾಡಿದವನು... ಮೊಟ್ಟೆಯ ಹೆಸರೆತ್ತದ ಮನೆಗೆ ಇಂಥದ್ದನ್ನು ತರುವುದೇ?

ಆಕರ್ಷ್ ತರೀಕೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. "ಪಾಠಕ್ಕೆ ಅಂತ ಕಡೂರಿಂದ ತಂದಿದ್ದೆ. ತಪ್ಪು ನಂದೇ ಕಣ್ರೀ," ಎಂದು ತಲೆ ತಗ್ಗಿಸಿದ. ಅಜ್ಜಂಪುರದ ಆ ನಡುಮನೆಯಲ್ಲೇ ಸಂಬಂಧ ಮುರಿದುಬಿತ್ತು.

ಮೆದುಳನ್ನು ಹಿತ್ತಿಲಲ್ಲಿ ಹೂತದ್ದಾಯಿತು. ಡಬ್ಬಿ ಉಳಿಯಿತು. ಶರ್ವಾಣಿ ಹುಣಸೆಹಣ್ಣು, ಬೂದಿ ಹಾಕಿ ದಿನವೂ ಉಜ್ಜಿದಳು. ವಾಸನೆ ಹೋಗಲೊಲ್ಲದು. ಅವನ ದನಿಯೂ ಕಿವಿಯಿಂದ ಹೋಗಲೊಲ್ಲದು!

ಹನ್ನೆರಡನೆಯ ದಿನ ಕಾಂತಮ್ಮ ಕಣ್ಣೊರೆಸಿಕೊಂಡರು.

"ಲೇ ಶರೂ, ನೆಂಟರ ಚೀಲ ಹೊರಗಿರಬಾರ್ದು ಅಂತ ಗಾಡಿಯಿಂದ ಹಣ್ಣಿನ ಚೀಲ, ಈ ಡಬ್ಬಿ ಚೀಲ ಎರಡೂ ನಾನೇ ತಂದ್ಬಿಟ್ಟೆ ಕಣೇ. 'ಅದು ಬೇಡಮ್ಮಾ' ಅಂತಾನೇ ಇದ್ದ. ಸಂಕೋಚಕ್ಕೆ ಅಂತಾನೆ ಅಂದ್ಕೊಂಡೆ... ಎಲ್ಲರ ಮುಂದೆ ತಪ್ಪು ತಾನೇ ಹೊತ್ಕೊಂಡು ನನ್ನ ಮರ್ಯಾದೆ ಉಳಿಸಿದ ಕಣೇ ಆ ಹುಡುಗ."

ಮರುದಿನವೇ ಶರ್ವಾಣಿ ಡಬ್ಬಿ ಹಿಡಿದು ತರೀಕೆರೆಯ ಬಸ್ ಹತ್ತಿದಳು.

ಕಾಲೇಜಿನ ಲ್ಯಾಬಿನ ಬಾಗಿಲಲ್ಲೇ ನಿಂತಳು. ಗಾಜಿನ ಜಾಡಿಗಳಲ್ಲಿ ಬೆಳ್ಳಗೆ ಊದಿದ ಕಪ್ಪೆ, ಹಾವು... ಮೂಗಿಗೆ ವೇಲ್ ಒತ್ತಿಕೊಂಡು ಡಬ್ಬಿಯನ್ನು ಆಕರ್ಷ್ ಮುಂದಿಟ್ಟಳು.

"ಅಮ್ಮ ಹೇಳಿದ್ರು. ಯಾಕ್ರೀ ಸುಮ್ನಿದ್ರಿ?"

ಆಕರ್ಷ್ ಮೈಕ್ರೋಸ್ಕೋಪು ತೋರಿಸಿದ. "ನನಗೂ ಹೇಸಿಗೆನೇ. ಮೊದಲ ಸಲ ಮೂರು ದಿನ ಊಟ ಸೇರಿರಲಿಲ್ಲ. ಆದ್ರೆ ಮೆದುಳಿನ ಈ ತೆಳು ಪದರವನ್ನೊಮ್ಮೆ ನೋಡಿ."

ಉಸಿರು ಬಿಗಿಹಿಡಿದು ಬಾಗಿದಳು. ಕಪ್ಪು ಕೊಂಬೆ. ಅದರ ಮೈತುಂಬ ಜಾಲಿಯಂತೆ ಮುಳ್ಳು!

"ಡೆಂಡ್ರೈಟಿಕ್ ಸ್ಪೈನ್ ಅಂತಾರೆ, ನರಕೋಶದ ಕೊಂಬೆ ಮೇಲಿನ ಮುಳ್ಳು. ಸಣ್ಣ ಕತ್ತು, ಗುಂಡು ತಲೆ. ಪಕ್ಕದ ನರಕೋಶ ಕಳಿಸಿದ ಮಾತು ಇಳಿಯೋದು ಆ ತಲೆ ಮೇಲೇ. ಎರಡೂ ಅಂಟ್ಕೊಂಡಿರಲ್ಲ, ನಡುವೆ ಒಂದು ಸಂದು ಇರುತ್ತೆ."

"ಮತ್ತೆ ಮಾತು ದಾಟೋದು ಹೆಂಗೆ?"

"ರಸಾಯನದ ಹನಿಯಾಗಿ. ಪದೇ ಪದೇ ಬಂದ್ರೆ ತಲೆ ದಪ್ಪ ಆಗಿ ಗಟ್ಟಿಯಾಗುತ್ತೆ. ಅದೇ ನೆನಪು. ಬರದೇ ಹೋದ್ರೆ..." ಅವನ ದನಿ ಇಳಿಯಿತು. "ಮುಳ್ಳು ಕುಗ್ಗಿ ಮಾಯವಾಗುತ್ತೆ. ಹನ್ನೆರಡು ದಿನ ನಿಮ್ಮ ಫೋನಿಗೆ ಕಾದೆ ಶರ್ವಾಣಿ."

ಭಗವಂತ ಎಂಥ ಹೊಲಸಿನೊಳಗೆ ಏನನ್ನು ಬಚ್ಚಿಟ್ಟಿದ್ದಾನೆ! ಅವಳ ಕಣ್ಣು ತುಂಬಿತು. ವಾಕರಿಕೆಯೂ ಬಂತು.

"ನನ್ನ ಮುಳ್ಳು ಕುಗ್ಗಿಲ್ಲ ಕಣ್ರೀ..."

"ಇನ್ನೂ ಹೇಸಿಗೆ ಆಗ್ತಿದೆಯಾ?"

"ತುಂಬಾ! ಕೈ ತೊಳ್ದಿದೀರಾ?"

"ಮೂರು ಸಲ."

"ಇನ್ನೊಂದ್ ಸಲ ತೊಳ್ಕೊಂಡ್ ಬನ್ನಿ..." ವೇಲಿನ ಮರೆಯಲ್ಲೇ ಪಿಸುಗುಟ್ಟಿದಳು. "ಹಿಡ್ಕೋಬೇಕು."