ಹೆಸರಿಡದ ಕಲ್ಲು

ಮೇಜಿನ ಮೇಲಿನ ಮರಳು ತಾನಾಗಿಯೇ ಏಳತೊಡಗಿತು. ಮೊದಲು ಒಂದು ದಿಬ್ಬ, ಬಳಿಕ ಕಣಿವೆ, ಅದರ ಬದಿಗೆ ಬಂಡೆಗಳ ಸಾಲು. ಗಂಗೊಳ್ಳಿಯ ಎದುರಿನ ಕಡಲತಳ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ ಅಲ್ಲಿ ಮೂಡುತ್ತಿತ್ತು. ನೀರಿನಲ್ಲಿ ಬೆಳಕು ಹೆಚ್ಚು ದೂರ ಹೋಗದು, ಸದ್ದು ಹೋಗುತ್ತದೆ. ತಳಕ್ಕೆ ಬಡಿದು ಹಿಂದಿರುಗುವ ಸದ್ದನ್ನು ಕೇಳಿ ಮರಳನ್ನು ಎಬ್ಬಿಸುವ ಈ ‘ತಳಗನ್ನಡಿ’ಯನ್ನು ಕಟ್ಟುವುದರಲ್ಲೇ ಭೂವಿಜ್ಞಾನಿ ವಾರಿಜಾಳ ತಲೆ ನರೆತಿತ್ತು.

ಸಂಜೆಯಾದರೆ ಹೊಸ ನಕ್ಷೆ ಎಲ್ಲ ದೋಣಿಗಳಿಗೂ ಹೋಗುತ್ತಿತ್ತು. ಹೊಸ ಕಲ್ಲು ಕಂಡರೆ ಕಂಡವರೇ ಹೆಸರಿಡುವುದು ಅವಳ ಕೇರಿಯ ವಾಡಿಕೆ. ಹೆಸರು ಬಿದ್ದ ಕಲ್ಲಿನ ಮೇಲೆ ಮರುದಿನವೇ ಬಲೆ ಬೀಳುತ್ತಿತ್ತು. ಮೀನು ಸೇರುವುದು ಕಲ್ಲಿನ ಬಳಿಯೇ ತಾನೆ.

ಆ ಮಧ್ಯಾಹ್ನ ಅತ್ತಿಗೆ ಪ್ರಮೀಳಾ ಬುತ್ತಿ ತಂದಾಗ ವಾರಿಜಾ ಮೇಜಿನ ಮೂಲೆಗೆ ಕೈ ಅಡ್ಡ ಹಿಡಿದಿದ್ದಳು.

“ಎಂತ ಅಡಗ್ಸ್ತೆ ಮಾರಾಯ್ತಿ? ಚಿನ್ನ ಸಿಕ್ಕಿತ್ತಾ?”

ವಾರಿಜಾ ಕೈ ತೆಗೆದಳು. ಅಲ್ಲಿದ್ದುದು ಕಲ್ಲಲ್ಲ, ಅಂಗೈಯಗಲದ ದೋಣಿ. ಮೂತಿ ಎಡಕ್ಕೆ ಸೊಟ್ಟ.

ವಾರಿಜಾಳ ಅಣ್ಣ, ಪ್ರಮೀಳಾಳ ಗಂಡ ಸುಕೇಶ ದೋಣಿಯೊಡನೆ ಕಡಲಿಗೆ ಹೋದವನು ಮರಳದೆ ಆರು ಮಳೆಗಾಲ ಕಳೆದಿದ್ದವು. ದೇಹ ಸಿಗದೆ ಬೊಜ್ಜದ ಮಾತೆತ್ತಬೇಡಿ, ಉತ್ತರಕ್ರಿಯೆ ಸತ್ತವರಿಗೆ ಎಂದು ಪ್ರಮೀಳಾ ಹಟ ಹಿಡಿದಿದ್ದಳು. ಇಂದಿಗೂ ಅವನ ಬಟ್ಟಲನ್ನು ತೊಳೆದಿಡುತ್ತಿದ್ದಳು. ಆ ಆಸೆಯನ್ನು ತನ್ನ ಯಂತ್ರವೇ ಮುರಿಯುತ್ತದಲ್ಲ ಎಂದೇ ವಾರಿಜಾ ಕೈ ಅಡ್ಡ ಹಿಡಿದದ್ದು.

ಪ್ರಮೀಳಾ ಬೆರಳ ತುದಿಯಿಂದ ಮೂತಿಯನ್ನು ಮುಟ್ಟಿದಳು.

“ಬಂದರಿನ್ ಧಕ್ಕೆಗೆ ಗುದ್ದಿ ಸೊಟ್ಟ ಮಾಡ್ಕಂಡದ್ ಇವ್ರೇ. ರಿಪೇರಿ ಮಾಡ್ಸಿ ಅಂದ್ರೆ ಕೇಂಡ್ರಾ?”

“ಅತ್ಗೆ, ನಕ್ಷೆಯಿಂದ ಅಳ್ಸಿ ಬಿಡ್ಲಾ?”

“ಮೀನ್ ಇತ್ತಾ ಅಲ್ಲಿ?”

“ರಾಶಿ ಇತ್ತ್.”

ಪ್ರಮೀಳಾ ಮೂತಿಯಿಂದ ಬೆರಳು ತೆಗೆದಳು. “ಇದ್ದಾಗ ಒಂದ್ ದಿನ ಬುಟ್ಟಿ ತುಂಬ ತಂದವ್ರಲ್ಲ. ಈಗ ಕಾಣ್, ಮೀನಿನ್ ನಡೂಗೆ ಮಲ್ಕಂಡಿದ್ರ್.” ಸೆರಗಿನಿಂದ ಮುಖ ಒರೆಸಿಕೊಂಡಳು. “ಅಳ್ಸ್ಬೇಡ. ಅಳ್ಸಿದ್ರೆ ಗೊತ್ತಿಲ್ದೇ ಬಲೆ ಎಳಿತ್ರ್. ಹೆಸ್ರೂ ಇಡ್ಬೇಡ. ಇಲ್ಲಿ ಬಲೆ ಬ್ಯಾಡ ಅಂದೇಳಿ ಬರಿ. ನಾಳೆ ಭಟ್ರ ಹತ್ರ ಬೊಜ್ಜಕ್ಕೆ ದಿನ ಕೇಂಬ.”

ಸಂಜೆಯ ನಕ್ಷೆಯಲ್ಲಿ ‘ಇಲ್ಲಿ ಬಲೆ ಬೇಡ’ ಎಂಬ ಬರಹದೊಡನೆ ಹೆಸರಿಲ್ಲದ ಬಿಳಿಯ ಮಚ್ಚೆಯೊಂದು ಹೋಯಿತು. ಒಬ್ಬ ದೋಣಿಯವನೂ ಕಾರಣ ಕೇಳಲಿಲ್ಲ. ವಾರದೊಳಗೆ ಸುದ್ದಿ ತಿಳಿದು ಭಟ್ಕಳದಿಂದ, ಮಲ್ಪೆಯಿಂದ ಹೆಂಗಸರು ಬಂದು ಬಾಗಿಲಲ್ಲಿ ನಿಂತು, ಮರಳಿ ಬಾರದ ದೋಣಿಗಳ ಗುರುತು ಹೇಳತೊಡಗಿದರು. ವಾರಿಜಾಳ ಉಳಿದ ಆಯುಷ್ಯ ಅವನ್ನು ಹುಡುಕುವುದರಲ್ಲೇ ಸವೆಯಿತು. ದೇವರ ದಯೆ, ಬಲೆ ಬೀಳದ ಆ ಮಚ್ಚೆಗಳಲ್ಲೇ, ಬಲೆಗಳಿಂದ ಬರಿದಾಗುತ್ತಿದ್ದ ಕಡಲು ಮತ್ತೆ ಮೀನು ಹೆತ್ತಿತು.

ಅದು ಮುಂದಿನ ಕಾಲದ ಮಾತು. ನಮ್ಮಲ್ಲಿ ಇನ್ನೂ ತಳಗನ್ನಡಿಯಿಲ್ಲ. ಕೆಳಗೆ ಯಾರ ಮನೆಯವರು ಮಲಗಿದ್ದಾರೆಂದು ತಿಳಿಯದೆ, ಈ ಹೊತ್ತಿಗೂ ನಾವು ಬಲೆ ಎಳೆಯುತ್ತಲೇ ಇದ್ದೇವೆ.