ಪೈಪಿನೊಳಗಿನ ಕೌದಿ

1974ನೇ ಇಸವಿ ಮಾರ್ಚ್ 12, ಮಂಗಳವಾರ. ಮುಂಜಾನೆ ಒಂಬತ್ತರ ಸುಮಾರಿಗೆ ಇಂಡಿ ಪೊಲೀಸ್ ಠಾಣೆಯ ಕಟ್ಟೆ ಹತ್ತಿದ ಬಸಂತರಾಯಗೌಡರ ಧೋತರ ಮೊಣಕಾಲಿನ ತನಕ ನೇರಳೆ ಬಣ್ಣವಾಗಿತ್ತು. ಹೋಳಿ ಹುಣ್ಣಿಮೆ ಆಗತಾನೇ ಮುಗಿದಿತ್ತು. ಗೌಡರು ಈ ವಯಸ್ಸಿನಲ್ಲೂ ಬಣ್ಣ ಆಡಿ ಬಂದರಲ್ಲ ಅಂತ ಪಹರೆಯ ಪೇದೆ ಸಿದ್ದರಾಯ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಗೌಡರು ಕೆಕ್ಕರಿಸಿ ನೋಡಿದ ಮೇಲೆ ಟೋಪಿ ಸರಿ ಮಾಡಿಕೊಂಡು ನೆಟ್ಟಗೆ ನಿಂತ.

ಒಳಗಿದ್ದ ಹವಾಲ್ದಾರ ಖಂಡೆಪ್ಪ ಅವತ್ತು ಯಾರ ಮೇಲೂ ಸಿಟ್ಟಾಗುವ ಹದದಲ್ಲಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಅವನ ಹೆಂಡತಿ ಬಾಳಮ್ಮ ತವರೂರು ಸಿದ್ದನಾಳದಲ್ಲಿ ಹೆಣ್ಣು ಹಡೆದಿದ್ದಳು. ಬರುವ ಶುಕ್ರವಾರ ತೊಟ್ಟಿಲು, ಕೂಸಿಗೆ ಹೆಸರಿಡುವ ಶಾಸ್ತ್ರ. ರಜೆ ಮಂಜೂರಾಗಿತ್ತು, ಗುಗ್ಗರಿಗೆ ಕಡಲೆ ತಂದಾಗಿತ್ತು. ಕಳ್ಳರನ್ನು ಕರೆದು ಚಹಾ ಕುಡಿಸೋಣ ಅನ್ನುವಷ್ಟು ಖುಷಿ ಆ ಮನುಷ್ಯನಿಗೆ. ಗೌಡರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಫಿರ್ಯಾದು ಬರೆದುಕೊಂಡ.

ಗೌಡರಿಗೆ ಅದೇ ಸಿದ್ದನಾಳದಲ್ಲಿ ಕರಿ ದ್ರಾಕ್ಷಿಯ ತೋಟವಿತ್ತು. ಎರಡು ವರ್ಷದ ಹಿಂದೆ ಲೈಸನ್ಸ್ ತಂದು, ತೋಟದ ಮಗ್ಗುಲಲ್ಲೇ ವೈನ್ ಕಾರ್ಖಾನೆ ಹಾಕಿದ್ದರು. ಹಣ್ಣು ಹಿಂಡಿದ ಸಿಪ್ಪೆ, ಪೀಪಾಯಿ ತೊಳೆದ ನೀರು ಎಲ್ಲ ಒಂದು ಸಿಮೆಂಟ್ ಪೈಪಿನಿಂದ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ಆ ಪೈಪಿನ ಬಾಯಿಗೆ ಯಾರೋ ಬಿರಡೆ ಜಡಿದಿದ್ದರು. ನೀರು ತಿರುಗಿ ಬಂದು ಅಂಗಳ ತುಂಬಿ, ಬಾಟಲಿಯ ಕೋಣೆಗೆ ನುಗ್ಗಿ, ಸೀಸೆಗೆ ಅಂಟಿಸುವ ಚೀಟಿಗಳೆಲ್ಲ ತೊಯ್ದು ಮುದ್ದೆಯಾಗಿದ್ದವು. ಭಾರತ ದಂಡ ಸಂಹಿತೆ ಕಲಂ 427 ಮತ್ತು 447ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಯಾರ ಮೇಲೆ ಸಂಶಯ ಅಂತ ಕೇಳಿದರೆ ಗೌಡರು ತಡ ಮಾಡದೆ ಸಿಂದಗಿಯ ಸೇಂದಿ ಕಾಂಟ್ರಾಕ್ಟರ್ ಚಂದಪ್ಪನ ಹೆಸರು ಹೇಳಿದರು. ವೈನ್ ಬಂದರೆ ಅವನ ಸೇಂದಿ ಯಾರು ಕುಡಿಯಬೇಕು ಅಂತ ಅವರ ಲೆಕ್ಕ.

ಮಧ್ಯಾಹ್ನ ಠಾಣೆಯ ಮುಖ್ಯಸ್ಥರಾದ ಫೌಜದಾರ ಶಮಶುದ್ದೀನ್ ಸಾಹೇಬರು ಖಂಡೆಪ್ಪ, ಸಿದ್ದರಾಯರನ್ನು ಜೀಪಿನಲ್ಲಿ ಹಾಕಿಕೊಂಡು ಸಿದ್ದನಾಳಕ್ಕೆ ಹೊರಟರು. ಫೌಜದಾರರು ಈ ಠಾಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ಕಣ್ಣು ಚುರುಕು. ಗೌಡರು ಮೊದಲು ಅವರನ್ನು ಕಾರ್ಖಾನೆಯ ಒಳಗೆ ತಿರುಗಾಡಿಸಿದರು. ಸಾಲಾಗಿ ನಿಂತ ಪೀಪಾಯಿಗಳನ್ನು ತಟ್ಟಿ ತಟ್ಟಿ ತೋರಿಸಿದರು. ತಮ್ಮ ವೈನಿಗೆ ಸ್ಯಾಕರಿನ್ ಇಲ್ಲ, ಎಸೆನ್ಸ್ ಇಲ್ಲ, ಒಂದು ಹನಿ ಬಣ್ಣ ಸಹ ಇಲ್ಲ, ಬರೀ ಹಣ್ಣು. ಬೇರೆಯವರ ಹಾಗೆ ಮೋಸ ಮಾಡುವ ಜಾತಿ ತಮ್ಮದಲ್ಲ ಅಂತ ಎದೆ ತಟ್ಟಿಕೊಂಡರು. ಅದು ಸುಳ್ಳೂ ಅಲ್ಲ. ಆ ವಿಷಯದಲ್ಲಿ ಗೌಡರು ಚೊಕ್ಕ ಮನುಷ್ಯ.

ಆಮೇಲೆ ಹಳ್ಳಕ್ಕೆ ಇಳಿದರು. ಇಬ್ಬರು ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ಶುರುವಾಯಿತು. ಪೈಪಿನ ಬಾಯಿಗೆ ಹಸಿ ಕರಿಮಣ್ಣು ಮೆತ್ತಿತ್ತು. ಮಣ್ಣಿನ ಹಿಂದೆ ಬಟ್ಟೆಯ ದೊಡ್ಡ ಉಂಡೆ, ಬಟ್ಟೆಯ ನಡುವೆ ಗುಂಡುಕಲ್ಲು. ಸಿದ್ದರಾಯ ಕಾಲು ಊರಿ ಜಗ್ಗಿದ. ಬರಲಿಲ್ಲ. ಇನ್ನೊಮ್ಮೆ ಉಸಿರು ಬಿಗಿಹಿಡಿದು ಜಗ್ಗಿದ್ದೇ ತಡ, ಬಿರಡೆ ಕಿತ್ತು ಬಂದು, ಒಳಗೆ ನಿಂತ ನೇರಳೆ ನೀರೆಲ್ಲ ಅವನ ಮೈಮೇಲೆ ಸುರಿಯಿತು. ಬೆಳಿಗ್ಗೆ ನಕ್ಕಿದ್ದಕ್ಕೆ ಬಡ್ಡಿ ಸಮೇತ ಬಂತು ನೋಡು ಅಂತ ಖಂಡೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಚರೂ ನಕ್ಕರು. ಫೌಜದಾರರು ಮಾತ್ರ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ನೀರು ಹರಿದು ಹೋಗುವ ಕಡೆ ನೋಡುತ್ತಿದ್ದರು.

ಸ್ವಲ್ಪ ಕೆಳಗೆ ಹಳ್ಳದ ಉಸುಕಿನಲ್ಲಿ ಒರತೆ ತೋಡಿದ್ದರು. ಬೇಸಿಗೆಯಲ್ಲಿ ಇಡೀ ಸಿದ್ದನಾಳಕ್ಕೆ ಕುಡಿಯುವ ನೀರು ಅದೇ. ಅದರ ಮಗ್ಗುಲಲ್ಲೇ ಬಟ್ಟೆ ಒಗೆಯುವ ಬಂಡೆ. ಫೌಜದಾರರು ಒರತೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದರು. ತಿಳಿ ನೇರಳೆ. ಹುಳಿ ವಾಸನೆ. ಕೈ ಒರೆಸಿಕೊಂಡು, ಅದನ್ನೂ ಪಂಚನಾಮೆಯಲ್ಲಿ ಬರೆಯಲು ಖಂಡೆಪ್ಪನಿಗೆ ಹೇಳಿದರು.

ಜಪ್ತಿಯಾದ ಬಟ್ಟೆ ಕೌದಿ ಅನ್ನುವುದಷ್ಟೇ ಅವತ್ತು ಗೊತ್ತಾಯಿತು. ಕೆಸರು ಮೆತ್ತಿ ಗುರುತೇ ಸಿಗುತ್ತಿರಲಿಲ್ಲ. ಸಿದ್ದರಾಯ ಅದನ್ನು ಠಾಣೆಯ ಬಾವಿಕಟ್ಟೆಯಲ್ಲಿ ತೊಳೆದು ಗೋಡೆಯ ಮೇಲೆ ಹರವಿದ.

ಬುಧವಾರ ಬೆಳಿಗ್ಗೆ ಬೀಡಿ ಹಚ್ಚಿಕೊಂಡು ಹಿತ್ತಲಿಗೆ ಬಂದ ಖಂಡೆಪ್ಪ ಗೋಡೆ ನೋಡಿದ. ಬೀಡಿ ತುಟಿಯಲ್ಲೇ ಆರಿತು.

ಸಣ್ಣ ಕೌದಿ, ತೊಟ್ಟಿಲ ಅಳತೆಯದು, ತೊಳೆದರೂ ಹೋಗದ ನೇರಳೆ ಕಲೆ. ಇಳಕಲ್ ಸೀರೆಯ ಸೆರಗಿನ ತುಂಡು, ಹಳೇ ರುಮಾಲಿನ ತುಂಡು, ಕುಪ್ಪಸದ ತುಂಡು. ನಟ್ಟನಡುವೆ ಅಂಗೈ ಅಗಲದ ಖಾಕಿ. ಆ ಖಾಕಿಯ ಮೇಲೆ ಓರೆಯಾಗಿ ಹಸಿರು ದಾರದ ಹೊಲಿಗೆ. ಹಿಂದೆ ಪೇದೆಯಾಗಿದ್ದಾಗ ಖಂಡೆಪ್ಪ ಒಬ್ಬ ಕುರಿಕಳ್ಳನ ಬೆನ್ನು ಹತ್ತಿ ಜಾಲಿ ಬೇಲಿ ಹಾರಿದ್ದ. ಕಳ್ಳ ಪಾರಾದ, ಇವನ ಸರಕಾರಿ ಚಡ್ಡಿ ಬೇಲಿಗೆ ಸಿಕ್ಕಿ ಹರಿಯಿತು. ಖಾಕಿ ದಾರ ಸಿಗದೆ ಹಸಿರು ದಾರದಲ್ಲಿ ಹೊಲಿಸಿಕೊಂಡಿದ್ದ. ಆ ಹಸಿರು ದಾರ ಇಟ್ಟುಕೊಂಡು ಠಾಣೆಯವರು ಅವನನ್ನು ಆಡಿಕೊಂಡಿದ್ದು ಅಷ್ಟಿಷ್ಟಲ್ಲ.

ಹುಟ್ಟುವ ಕೂಸಿನ ಕೌದಿಗೆ ಎರಡೂ ಮನೆಯವರ ಹಳೇ ಬಟ್ಟೆ ಬೀಳಬೇಕು, ಹಿರಿಯರ ಮೈಯ ಬಿಸಿ ಕೂಸಿಗೆ ತಾಗಬೇಕು ಅನ್ನುವುದು ಈ ಕಡೆಯ ಪದ್ಧತಿ. ಬಾಳಮ್ಮ ಬಸಿರಿ ಅಂತ ಗೊತ್ತಾದಾಗ ಅತ್ತೆ ಗುರವ್ವ ಅಳಿಯನ ಹತ್ತಿರ ಒಂದು ಬಟ್ಟೆ ಕೇಳಿದ್ದಳು. ಹಳೇದು ಅಂದರೆ ಇದ್ದದ್ದು ಆ ಚಡ್ಡಿಯೊಂದೇ. ನಾಚಿಕೊಂಡೇ ಕೊಟ್ಟಿದ್ದ.

ಅಂದರೆ ಇದು ತನ್ನ ಮಗಳ ತೊಟ್ಟಿಲ ಕೌದಿ. ಪೈಪಿಗೆ ತುರುಕಿದವಳು ಅತ್ತೆ.

ಖಂಡೆಪ್ಪ ಆರಿದ ಬೀಡಿಯನ್ನು ಎಸೆದ. ನಾಡಿದ್ದು ತೊಟ್ಟಿಲು. ಹಿಂದಿನ ದಿನ ಅಜ್ಜಿಯನ್ನು ಜೀಪು ಹತ್ತಿಸಿದರೆ ಬಾಣಂತಿ ಹೆಂಡತಿ ಮುಖ ನೋಡುತ್ತಾಳೆಯೇ? ಒಂಬತ್ತು ವರ್ಷಕ್ಕೆ ಬಂದ ಕೂಸನ್ನು ಯಾರಾದರೂ ತನ್ನ ಕೈಗೆ ಕೊಡುತ್ತಾರೆಯೇ? ಬಾಯಿ ಮುಚ್ಚಿಕೊಂಡಿದ್ದರೆ ಕೇಸು ತಾನಾಗಿಯೇ ತಣ್ಣಗಾಗುತ್ತದೆ. ಆದರೆ ಎಫ್‌ಐಆರ್ ಬರೆದದ್ದು ತನ್ನ ಕೈ. ದೇವರೇ, ಆ ಚಂದಪ್ಪನೇ ಕಳ್ಳ ಆಗಿರಲಪ್ಪಾ ಅಂತ ಬೇಡಿಕೊಳ್ಳುತ್ತ ಸಿಂದಗಿಯ ಬಸ್ಸು ಹತ್ತಿದ.

ಚಂದಪ್ಪ ಅಂಗಡಿಯ ಮುಂದೆ ಹೊರಸಿನ ಮೇಲೆ ಕೂತು ಎಲೆ ಹಾಕುತ್ತಿದ್ದ. ಹವಾಲ್ದಾರನ ಪ್ರಶ್ನೆ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ಭಾನುವಾರದಿಂದ ಮಂಗಳವಾರ ಸಂಜೆಯ ತನಕ ಅವನು ತಂಗಿಯ ಮಗಳ ಮದುವೆಗೆ ನಾಲತವಾಡದಲ್ಲಿದ್ದ. ಅರ್ಧ ಮುದ್ದೇಬಿಹಾಳ ತಾಲ್ಲೂಕೇ ಸಾಕ್ಷಿ. ಇನ್ನು ದ್ರಾಕ್ಷಿ ನೀರಿನಿಂದ ಅವನ ವ್ಯಾಪಾರಕ್ಕೆ ಏನೂ ಧಕ್ಕೆಯಿರಲಿಲ್ಲ. ಸೇಂದಿ ಕುಡಿಯುವವನ ಕೈಗೆ ಗೌಡರ ಸೀಸೆ ಕೊಟ್ಟರೆ, ಔಷಧಿ ಅಂತ ಹೆಂಡತಿಗೆ ಕೊಡುತ್ತಾನೆ ಅಂದ. ಖಂಡೆಪ್ಪನ ಮುಖ ಜೋತುಬಿದ್ದದ್ದು ನೋಡಿ, ಕಳ್ಳ ನಾನಲ್ಲ ಅಂದರೆ ನಿಮಗ್ಯಾಕೆ ಇಷ್ಟು ದುಃಖ ಅಂತ ಕೇಳಿದ. ಖಂಡೆಪ್ಪ ಬಸ್ ನಿಲ್ದಾಣದ ದಾರಿ ಹಿಡಿದ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತ. ಬಿಳಿಜೋಳದ ಹೊಲಗಳು ಹಿಂದೆ ಹಿಂದೆ ಸರಿದವು. ಊರವರ ಅತ್ತೆಯನ್ನು ಹಿಡಿಯುವಾಗ ಇಲ್ಲದ ಸಂಕಟ ತನ್ನ ಅತ್ತೆಯನ್ನು ಹಿಡಿಯುವಾಗ ಬಂತೆಂದರೆ ಈ ಖಾಕಿ ಯಾಕೆ ಹಾಕಿಕೊಳ್ಳಬೇಕು ಅನ್ನಿಸಿತು. ಇಂಡಿಯಲ್ಲಿ ಇಳಿದವನು ಚಹಾ ಸಹ ಕುಡಿಯದೆ ಫೌಜದಾರರ ಮುಂದೆ ಹೋಗಿ ನಿಂತ.

"ಸಾಹೇಬ್ರ, ಆ ಕೌದಿ ನಮ್ಮ ಮನೀದ್ರಿ. ನಮ್ಮ ಅತ್ತಿ ಹೊಲಿದದ್ದು."

ಶಮಶುದ್ದೀನ್ ಸಾಹೇಬರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಹಸರ ದಾರದ ಕತಿ ಸಿದ್ದರಾಯ ಮುಂಜಾನೇನ ಹೇಳ್ಯಾನ. ನೀ ಬಂದು ಹೇಳ್ತೀಯೋ ಇಲ್ಲೋ ಅಂತ ಕಾಯಾಕತ್ತಿದ್ದೆ."

ಖಂಡೆಪ್ಪ ತಲೆ ತಗ್ಗಿಸಿದ. ನಿನ್ನ ಸಂಬಂಧಿಕರ ಕೇಸು ನೀನು ನಡೆಸುವಂತಿಲ್ಲ, ಕಾಗದ ಪತ್ರ ಇನ್ನು ನಾನೇ ನೋಡುತ್ತೇನೆ, ಆದರೆ ನಾಳೆ ನನ್ನ ಜೊತೆ ಬರಬೇಕು ಅಂದರು ಸಾಹೇಬರು. ಆಮೇಲೆ ಸ್ವಲ್ಪ ನಕ್ಕು, ತಮಗೂ ಅತ್ತೆ ಇದ್ದಾರೆ, ಕಷ್ಟ ಅರ್ಥವಾಗುತ್ತದೆ ಅಂತ ಸೇರಿಸಿದರು.

ಗುರುವಾರ ಬೆಳಿಗ್ಗೆ ಜೀಪು ಗುರವ್ವನ ಮನೆಯ ಮುಂದೆ ನಿಂತಾಗ ಅವಳು ಕಟ್ಟೆಯ ಮೇಲೆ ಕೂತು ನೆರೆಯ ಲಕ್ಕವ್ವನ ಜೊತೆ ಕಡಲೆ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಎದ್ದು ಸೆರಗು ಹೊದ್ದುಕೊಂಡಳು. ಅಳಿಯನ ಕಡೆ ನೋಡಲಿಲ್ಲ. ಸಾಹೇಬರು ಕೌದಿ ಬಿಚ್ಚಿ ಹಿಡಿದರು.

"ಇದು ಯಾರದು, ಯವ್ವಾ?"

"ನಂದ್ರಿ. ನಾನ ಹೊಲಿದದ್ದು."

"ಪೈಪಿಗೆ ಯಾರು ತುರುಕಿದ್ರು?"

"ನಾನ."

"ಒಬ್ಬಾಕಿನ?"

"ಕಲ್ಲು ಹೊರಾಕ ಯಾರ ಬೇಕ್ರಿ? ಒಬ್ಬಾಕಿನ."

"ಯಾಕ?"

ಗುರವ್ವ ಕೌದಿಯ ರುಮಾಲಿನ ತುಂಡಿನ ಮೇಲೆ ಬೆರಳಾಡಿಸಿದಳು.

"ತೊಟ್ಟಿಲಕ್ಕ ಹಾಸೂ ಮೊದಲ ಒಮ್ಮಿ ಒಗೀಬೇಕಲ್ರಿ. ಒರತಿಗೆ ಒಯ್ದು ಅದ್ದಿದೆ. ಎತ್ತಿದ್ರ ಇಡೀ ಕೌದಿ ಹೀಂಗ ಆಗಿತ್ತು, ಹುಳಿ ನಾರತಿತ್ತು. ಇದು ನನ್ನ ಗಂಡನ ರುಮಾಲ್ರಿ. ಅವ್ರು ಮೊಮ್ಮಗಳ ಮಾರಿ ನೋಡಲಿಲ್ಲ, ರುಮಾಲಾದ್ರೂ ನೋಡಲಿ ಅಂತ ಇಟ್ಟಿದ್ದೆ. ಗೌಡ್ರಿಗೆ ಹೋಗಿ ತೋರಿಸಿದ್ರ, ಬಣ್ಣ ಚಲೋ ಬಂದೈತಿ ಬಿಡು ಗುರವ್ವ ಅಂತ ನಕ್ರು. ನೀವ ಕೆಡಿಸೀರಿ, ನೀವ ಇಟ್ಕೋರಿ ಅಂತ ಒಯ್ದು ಅವರ ಪೈಪಿಗೆ ತುರುಕಿದೆ."

ಬಾಣಂತಿ ಕೋಣೆಯ ಬಾಗಿಲಲ್ಲಿ ಕೂಸನ್ನು ಎದೆಗವಚಿಕೊಂಡು ಬಾಳಮ್ಮ ನಿಂತಿದ್ದಳು. ಯಾರು ಹೇಳಿದ್ದು ಅಂತ ಅವಳು ಕೇಳಲೇ ಇಲ್ಲ, ಖಂಡೆಪ್ಪನೇ ಹೇಳಿಬಿಟ್ಟ. ನಾನೇ ಗುರುತು ಹೇಳಿದೆ ಅತ್ತೆ, ತಪ್ಪು ತಿಳಿಯಬೇಡ ಅಂದ. ಗುರವ್ವ ಮೊದಲ ಸಲ ಅವನ ಮುಖ ನೋಡಿದಳು.

"ನೀವು ಹೇಳದಿದ್ರ ತೊಟ್ಟಿಲ ಮುಗದ ಮ್ಯಾಲ ನಾನ ಠಾಣೆಕ್ಕ ಬರತಿದ್ದೆ, ಅಳಿಯಂದ್ರ. ಕೂಸಿಗೆ ಅಪ್ಪ ಸುಳ್ಳಾಡ್ಯಾನ ಅನ್ನೂ ಹೆಸರು ಬ್ಯಾಡ. ನಡೀರಿ. ಕಡ್ಲಿ ನೆನಿ ಹಾಕ, ಲಕ್ಕವ್ವ, ಸಂಜೀಕ ಬರ್ತೇನಿ."

ಗುರವ್ವನನ್ನು ಹನ್ನೊಂದು ಗಂಟೆಗೆ ದಸ್ತಗಿರಿ ಮಾಡಲಾಯಿತು. ಲಕ್ಕವ್ವ ಕಡಲೆ ನೆನೆ ಹಾಕಿದವಳೇ ತಾನೂ ಜೀಪು ಹತ್ತಿದಳು. ಅವಳ ಹಿಂದೆ ಕೇರಿಯ ಹೆಂಗಸರು ಚಕ್ಕಡಿ ಹೂಡಿಸಿಕೊಂಡು ಇಂಡಿಗೆ ಹೊರಟರು. ಒಳ್ಳೇ ದಿಬ್ಬಣ ಹೊರಟ ಹಾಗಿತ್ತು.

ಠಾಣೆಯಲ್ಲಿ ಫೌಜದಾರರು ಗುರವ್ವನ ಹೇಳಿಕೆ ಬರೆದು ಮುಗಿಸಿದ ಮೇಲೆ, ಒರತೆಯ ನೀರಿನ ಬಗ್ಗೆ ನೀವು ಯಾಕೆ ಫಿರ್ಯಾದು ಕೊಡಲಿಲ್ಲ ಅಂತ ಕೇಳಿದರು. ನೀರಿಗೂ ಫಿರ್ಯಾದು ಕೊಡಬಹುದೇ ಅಂತ ಅವಳು ಕಣ್ಣರಳಿಸಿದಳು. ಕೊಡಬಹುದಿತ್ತು. ಸಾರ್ವಜನಿಕ ಒರತೆಯ ನೀರು ಹೊಲಸು ಮಾಡಿದರೆ ಕಲಂ 277. ಎರಡನೇ ಎಫ್‌ಐಆರ್ ದಾಖಲಾಯಿತು, ಪಂಚನಾಮೆ ಹೇಗೂ ಮೊದಲೇ ತಯಾರಿತ್ತು. ಎರಡು ಗಂಟೆಗೆ ಬಸಂತರಾಯಗೌಡರನ್ನೂ ದಸ್ತಗಿರಿ ಮಾಡಿ ತಂದು ಗುರವ್ವ ಕೂತಿದ್ದ ಅದೇ ಬೆಂಚಿನ ಇನ್ನೊಂದು ತುದಿಗೆ ಕೂರಿಸಿದರು.

ಗೌಡರು ಮೊದಲು ಕೂಗಾಡಿದರು. ತಮ್ಮ ವೈನಿನಲ್ಲಿ ಒಂದು ಹನಿ ಕಲಬೆರಕೆ ಇಲ್ಲ ಅಂತ ಮತ್ತೆ ಅದನ್ನೇ ಹೇಳಿದರು. ಫೌಜದಾರರು ಒರತೆಯಿಂದ ತಂದ ಒಂದು ಲೋಟ ನೀರನ್ನು ಅವರ ಮುಂದೆ ಇಟ್ಟರು.

"ಮುಂಬಾಗಿಲದಿಂದ ಹೋಗೂದು ಚೊಕ್ಕ ಐತಿ, ಗೌಡ್ರ. ಹಿಂಬಾಗಿಲದಿಂದ ಹೋಗೂದು ಇದು. ಕುಡೀರಿ."

ಗೌಡರು ಲೋಟ ಎತ್ತಿದರು. ಮೂಗಿನ ಹತ್ತಿರ ತಂದರು. ಕೆಳಗಿಟ್ಟರು. ಬೆಂಚಿನ ಆ ತುದಿಯಲ್ಲಿದ್ದ ಗುರವ್ವ ಎಲೆ ಅಡಿಕೆಯ ಚಂಚಿ ಬಿಚ್ಚಿ ಅವರ ಕಡೆ ಸರಿಸಿದಳು. ಹಿಂಡಿದ ಸಿಪ್ಪೆಯನ್ನು ಹಳ್ಳಕ್ಕೆ ಯಾಕೆ ಚೆಲ್ಲಬೇಕು, ತಿಪ್ಪೆಗೆ ಹಾಕಿದರೆ ನಿಮ್ಮ ಬಳ್ಳಿಗೇ ಗೊಬ್ಬರ ಆಗುವುದಿಲ್ಲವೇ, ತೊಳೆದ ನೀರಿಗೆ ತೋಟದಾಚೆ ಒಂದು ಗುಂಡಿ ತೋಡಲು ಏನು ಧಾಡಿ ಅಂತ ಕೇಳಿದಳು. ಗೌಡರು ಎಲೆಗೆ ಸುಣ್ಣ ಹಚ್ಚುತ್ತ ತಲೆ ಆಡಿಸಿದರು. ನಾಳೆಯೇ ಪೈಪು ಕೀಳಿಸುತ್ತೇನೆ ಅಂದರು.

ಎರಡೂ ಕೇಸು ಜಾಮೀನಾಗುವಂಥವು. ಹೊಲ ಇದ್ದವರು ಯಾರಾದರೂ ಹೊಣೆ ನಿಲ್ಲಬೇಕು. ಗುರವ್ವನಿಗೆ ಯಾರು ಅಂತ ಫೌಜದಾರರು ಕೇಳಿದಾಗ, ಹೆಂಗಸರು ಬಾಯಿ ತೆರೆಯುವ ಮೊದಲೇ ಗೌಡರು ಎದ್ದು ನಿಂತು ತಾವು ಅಂದರು. ಗೌಡರಿಗೆ ಯಾರು? ಗುರವ್ವನ ಹೆಸರಿನಲ್ಲಿ ತೀರಿಹೋದ ಗಂಡನ ಹೊಲವಿತ್ತು. ಅವಳು ಹೆಬ್ಬೆರಳನ್ನು ಮಸಿಗೆ ಒತ್ತಿ, ಪೈಪು ಕೀಳಿಸದಿದ್ದರೆ ಈ ಹೆಬ್ಬೆಟ್ಟು ವಾಪಸು ತಗೊಳ್ತೇನಿ ನೋಡ್ರಿ ಅಂತ ಹೇಳಿ ಒತ್ತಿದಳು. ಇಡೀ ಠಾಣೆ ನಕ್ಕಿತು. ಗೌಡರೂ ನಕ್ಕರು.

ಒಂದೇ ತೊಡಕು. ಕೌದಿ ಜಪ್ತಿಯಾದ ಮುದ್ದೇಮಾಲು, ಕೋರ್ಟು ಹೇಳುವ ತನಕ ಕೊಡುವಂತಿಲ್ಲ. ಗುರವ್ವನ ಮುಖ ಸಣ್ಣದಾಯಿತು. ಆದರೂ ಕಾನೂನು ಕಾನೂನು ಅಂತ ಅವಳೇ ಖಂಡೆಪ್ಪನಿಗೆ ಸಮಾಧಾನ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಒಂದೊಂದು ತುಂಡು ಬಟ್ಟೆ ಹಿಡಿದು ಬಂದು ಕಟ್ಟೆಯ ಮೇಲೆ ಸೂಜಿ ಹಿಡಿದು ಕೂತರು. ಫೌಜದಾರರ ತಾಯಿ ಪೀರಬಿ ತಮ್ಮ ಹಳೇ ಸೀರೆಯ ತುಂಡನ್ನು ಸಿದ್ದರಾಯನ ಕೈಯಲ್ಲಿ ಕಳಿಸಿದ್ದರು. ಗಂಡನ ರುಮಾಲಿನ ಒಂದು ಚೂರು ಗುರವ್ವನ ಪೆಟ್ಟಿಗೆಯಲ್ಲಿ ಉಳಿದಿತ್ತು. ಅಷ್ಟರಲ್ಲಿ ಗೌಡರ ಆಳು ಒಂದು ಗಂಟು ತಂದ. ಬಿಚ್ಚಿದರೆ ಮಂಗಳವಾರದ ಅದೇ ಧೋತರ, ಒಗೆದು ಮಡಿಚಿದ್ದು, ಮೊಣಕಾಲಿನ ತನಕ ನೇರಳೆ. ಗುರವ್ವ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಬಣ್ಣ ಚಲೋ ಬಂದೈತಿ ಬಿಡು ಅಂತ ಹೇಳಿ, ಬಣ್ಣ ಇದ್ದ ಕಡೆಯೇ ಅಂಗೈ ಅಗಲ ಕತ್ತರಿಸಿ, ನಟ್ಟನಡುವೆ ಇಟ್ಟು ಹೊಲಿದಳು. ಮಧ್ಯಾಹ್ನ ಕೂಸು ಅದರ ಮೇಲೆ ಮಲಗಿತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದ ಸದ್ದು ಓಣಿಗೆಲ್ಲ ಕೇಳಿಸಿತು. ಖಂಡೆಪ್ಪನ ಕೈಗೆ ಮಗಳನ್ನು ಕೊಟ್ಟವಳು ಗುರವ್ವ.

ಕೋರ್ಟಿನಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು, ಇಬ್ಬರಿಗೂ ಸಣ್ಣ ದಂಡವಾಯಿತು. ಒರತೆಯ ನೀರು ಅಷ್ಟರಲ್ಲಿ ತಿಳಿಯಾಗಿತ್ತು. ಆ ಹೆಂಗಸು ಹಾಗೆ ಯಾಕೆ ಮಾಡಿದಳು ಅಂತ ಆಮೇಲೆ ಯಾರಾದರೂ ಕೇಳಿದರೆ ಶಮಶುದ್ದೀನ್ ಸಾಹೇಬರು ಹೇಳುತ್ತಿದ್ದದ್ದು ಇಷ್ಟೇ. ನೀರು ಕೆಟ್ಟದ್ದಕ್ಕಲ್ಲ, ಕೌದಿ ಕೆಟ್ಟದ್ದಕ್ಕೂ ಅಲ್ಲ, ತೋರಿಸಲು ಹೋದಾಗ ನಕ್ಕರಲ್ಲ, ಅದಕ್ಕೆ. ಮುದ್ದೇಮಾಲು ವಾಪಸು ಬಂದ ದಿನ ಖಂಡೆಪ್ಪ ಅದನ್ನು ತಾನೇ ಒರತೆಗೆ ಒಯ್ದು ಒಗೆದ. ಕಲೆ ಹೋಗಲಿಲ್ಲ. ಹಸಿರು ದಾರವೂ ಹೋಗಲಿಲ್ಲ. ಬಂಡೆಯ ಮೇಲೆ ಹರವಿ, ಒಣಗುವ ತನಕ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂತಿದ್ದ.