ಬೀರುವಿನಲ್ಲಿಟ್ಟ ಮಾತು

ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಅರ್ಪಿತಳ ಓಡಾಟಕ್ಕೆ ಆಟೋ ಖರ್ಚು ಮಾತ್ರ. ಮದನ್‌ಗಾದರೆ ಬಸ್ ಚಾರ್ಜೂ ಸೇರಿತು. ಊಟ, ಟೀ, ಜೆರಾಕ್ಸು... ಕೊನೆಗೆ, ಹೋದ ಮನೆಗೆಲ್ಲ ಒಂದೊಂದು ಮೊಳ ಮಲ್ಲಿಗೆ ಎಂದೂ ಅರ್ಪಿತ ಖರ್ಚಿನ ಪಟ್ಟಿಯಲ್ಲಿ ಬರೆದಿದ್ದಳು.

ಮೈಸೂರಿನ ಕಾನೂನು ಕಾಲೇಜೊಂದು ಸಂಶೋಧನೆಗೆಂದು ಇಬ್ಬರನ್ನೂ ತೆಗೆದುಕೊಂಡಿತ್ತು. ಭೇಟಿಯಾದ ಮೊದಲ ದಿನವೇ ಮದನ್ ಆ ಮಲ್ಲಿಗೆಯ ಮೇಲೆ ಗೀಟು ಎಳೆದ.

"ಹೂ ಕೊಟ್ಟು ಕೇಳಿದ್ರೆ ನಿಮ್ಗೆ ಇಷ್ಟವಾಗೋ ಉತ್ತರಾನೇ ಕೊಡ್ತಾರೆ ಕಣ್ರೀ."

"ನಿಮ್ಮೂರಲ್ಲಿ ಯಾರ ಮನೆಗಾದ್ರೂ ಬರಿಗೈಲಿ ಹೋಗ್ತಾರೇನ್ರೀ?"

ಅವನು ನಕ್ಕುಬಿಟ್ಟ. ಅವಳ ಸಿಟ್ಟು ಸಂಜೆಗೆ ಇಳಿಯಿತು. ಆ ನಗು ಮಾತ್ರ ಅವಳ ಮನಸ್ಸಿನಿಂದ ಇಳಿಯಲಿಲ್ಲ.

ಅಪ್ಪನ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಹೇಳುತ್ತದೆ. ಹಾಗಿದ್ದೂ ಅವರು ನನಗೆ ಬೇಡ ಎಂದು ಯಾಕೆ ಸಹಿ ಹಾಕಿ ಬರುತ್ತಾರೆ? ಕಂಡುಹಿಡಿಯಬೇಕಿದ್ದದ್ದು ಅದನ್ನು. ಅಣ್ಣತಮ್ಮಂದಿರ ಎದುರು ಕೇಳಿದರೆ ಎಲ್ಲರೂ ಖುಷಿಯಿಂದಲೇ ಕೊಟ್ಟೆವು ಅನ್ನುವವರೇ. ಅದಕ್ಕೆ ಮದನ್ ಒಂದು ಕ್ರಮ ಹೂಡಿದ. ಮೊದಲು ಹೆಣ್ಣುಮಕ್ಕಳನ್ನು ಅವರ ಗಂಡನ ಮನೆಯಲ್ಲಿ ಅರ್ಪಿತ ಒಬ್ಬಳೇ ಕೇಳುವುದು. ಉತ್ತರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಆಮೇಲೆ ಅವರ ಅಣ್ಣತಮ್ಮಂದಿರನ್ನು ಮದನ್ ಕೇಳುವುದು. ಯುಗಾದಿ ಕಳೆದ ಮೇಲೆ, ಹೆಸರು ತೆಗೆದು, ಎರಡನ್ನೂ ಹೋಲಿಸಿ ನೋಡುವುದು.

"ಅಲ್ಲೀವರೆಗೂ ಕೇಳಿದ್ದು ಹೊಟ್ಟೇಲೇ ಇರ್ಬೇಕು. ಕಟ್ಕೊಂಡೋನು ಕೇಳಿದ್ರೂ ಬಾಯಿ ಬಿಡಬಾರ್ದು."

ಕಟ್ಟಿಕೊಂಡವನು ಅನ್ನುವಾಗ ಅವನು ಅವಳತ್ತ ಒಮ್ಮೆ ನೋಡಿದ್ದ.

ಸಂಜೆ ಅರ್ಪಿತ ನರಸೀಪುರದಿಂದ ಬರುವ ಬಸ್ಸಿಗೆ ಅವನು ನಂಜನಗೂಡಿನ ಸ್ಟ್ಯಾಂಡಿನಲ್ಲಿ ಕಾಯತೊಡಗಿದ. ಒಂದು ದಿನ ಕೈಯಲ್ಲಿ ಮಲ್ಲಿಗೆಯಿತ್ತು. ಇದು ಸಂಶೋಧನೆಗಲ್ಲ, ಅಂದ. ಮದುವೆಯ ಮಾತೆತ್ತಿದ. ಸೋಮವಾರ ಹೇಳುತ್ತೇನೆ ಅಂದಳು ಅರ್ಪಿತ. ಉತ್ತರ ಆಗಲೇ ಅವಳ ಮುಖದಲ್ಲಿತ್ತು.

ಆ ಸೋಮವಾರ ನರಸೀಪುರದ ಮನೆಯೊಂದರಲ್ಲಿ ಸರ್ವಮಂಗಳಾ ಸಿಕ್ಕಳು. ತವರು ಕಳಲೆ. ಕಿಡ್ನಿ ಕೆಟ್ಟು ಮುಖವೆಲ್ಲ ಊದಿಕೊಂಡಿತ್ತು. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ವಧುವರರ ಪಕ್ಕ, ತಮ್ಮನ ಜಾಗದಲ್ಲಿ ನಿಂತಿದ್ದವನು... ಮದನ್!

"ಸೈ ಆಕ್ದಿದ್ರೆ ಅಕ್ಕ ನಮ್ ಒಸ್ಲು ತುಳೀಬಾರ್ದು ಅಂತ ನಿನ್ ತಮ್ಮ ಅಂದವ್ನೆ ಅಂದ್ರು ನಮ್ಮಪ್ಪ. ನಾನು ಎತ್ತಿ ಆಡ್ಸಿದ್ ಕೂಸು ಕಣವ್ವ ಅವ್ನು." ಸರ್ವಮಂಗಳಾ ನಕ್ಕಳು. "ಸೈ ಆಕ್ದೆ. ಆಮೇಲೆ ನಾನೇ ಆ ಒಸ್ಲು ತುಳೀಲಿಲ್ಲ. ಕಾಯ್ಲೆ ಅಂತ ಗೊತ್ತಾಗಿ ಅಯ್ಯೋ ಪಾಪ ಅಂತ ಅವ್ನು ಬರೋದ್ ಬ್ಯಾಡ. ಯಾರ್ಗೂ ಏಳ್ಬ್ಯಾಡಿ."

ಅರ್ಪಿತ ಮಾತು ಕೊಟ್ಟಳು.

ಸಂಜೆ ಸ್ಟ್ಯಾಂಡಿನಲ್ಲಿ ಮದನ್ ಚಾಚಿದ ಹೂವನ್ನು ಅವಳು ಮುಟ್ಟಲಿಲ್ಲ. ಆಗಲ್ಲ ಅಂದಳು. ಯಾಕೆ ಎಂದ. ಏನೆಂದು ಹೇಳುವುದು? ಅಕ್ಕನನ್ನೇ ಹೊಸಿಲಾಚೆ ನಿಲ್ಲಿಸಿದವನು ನಾಳೆ ನನ್ನನ್ನು ಎಲ್ಲಿ ನಿಲ್ಲಿಸುತ್ತಾನೋ... ಆ ಮಾತಿಗೂ ಬೀಗ ಬಿದ್ದಿತ್ತು.

ಮನಸ್ಸು ತಡೆಯದೆ ಅವಳು ಮತ್ತೆ ನರಸೀಪುರಕ್ಕೆ ಹೋಗಿ, ತಮ್ಮನಿಗೆ ತಿಳಿಸಲೇ ಎಂದು ಸರ್ವಮಂಗಳಾಳನ್ನು ಬೇಡಿಕೊಂಡಳು. ಬರುವುದಿದ್ದರೆ ಅವನಾಗೇ ಬರಲಿ ಎಂದು ಆಕೆ ಮುಖ ತಿರುಗಿಸಿದಳು.

ಶಿವರಾತ್ರಿಗೆ ಮುಂಚೆ ಸರ್ವಮಂಗಳಾ ತೀರಿಕೊಂಡಳು.

ಸಾವಿನ ಮನೆಯ ಅಂಗಳದಲ್ಲಿ ಅವಳ ಗಂಡ, ಹೊಸಿಲು ತುಳೀಬೇಡ ಅಂದೋನು ಈಗ ಯಾಕೆ ಬಂದೆ ಎಂದು ಮದನ್‌ನ ಮೇಲೆ ಹರಿಹಾಯ್ದ. ಮದನ್ ಅಪ್ಪನತ್ತ ತಿರುಗಿದ.

"ಆ ಮಾತು ನಾನ್ಯಾವಾಗ ಅಂದೆ, ಅಪ್ಪಾ?"

ಪುಟ್ಟಬಸವಯ್ಯ ನೆಲ ನೋಡಿದರು. ಮಗನ ಹೆಸರಿನಲ್ಲಿ ಆ ಮಾತಾಡಿದವರು ಅವರೇ. ಮಗನಿಗೆ ಮಾತ್ರ, ನಿನ್ನಕ್ಕ ಖುಷಿಯಿಂದ ಸಹಿ ಹಾಕಿದಳು, ಈಗ ಅವಳಿಗೆ ತವರು ಬೇಡವಾಗಿದೆ ಅಂದಿದ್ದರು.

ಬಾಗಿಲ ಬಳಿ ನಿಂತಿದ್ದ ಅರ್ಪಿತ ಎಲ್ಲ ಕೇಳಿಸಿಕೊಂಡಳು. ಎರಡೂ ಕಡೆ ಕೇಳಬೇಕು ಎಂದು ಊರೂರು ತಿರುಗಿದವಳು ತಾನು ಮಾತ್ರ ಒಂದೇ ಕಡೆ ಕೇಳಿ ತೀರ್ಪು ಕೊಟ್ಟಿದ್ದಳು.

ಅವಳು ಮುಚ್ಚಿಡಲಿಲ್ಲ. ಮಣ್ಣಾದ ಮೇಲೆ ಹೊಳೆಯ ದಂಡೆಯಲ್ಲಿ, ಬೀರುವಿನಲ್ಲಿದ್ದ ಅಕ್ಕನ ಮಾತೊಂದನ್ನು ಬಿಟ್ಟು, ಎಲ್ಲ ಹೇಳಿದಳು. ಅಕ್ಕನ ಕಾಯಿಲೆ ನನಗೆ ಗೊತ್ತಿತ್ತು, ನಿಮ್ಮನ್ನು ತಪ್ಪು ತಿಳಿದೆ ಎಂದಳು. ಮದನ್ ಎದ್ದು ಹೋದ. ಆಮೇಲೆ ಸ್ಟ್ಯಾಂಡಿನಲ್ಲಿ ಅವನು ಕಾಣಲೇ ಇಲ್ಲ.

ಯುಗಾದಿ ಕಳೆಯಿತು. ಬೀರು ತೆಗೆದರು. ಹೆಸರಿಲ್ಲದಿದ್ದರೂ ಅಕ್ಕನ ಮಾತು ಅವನಿಗೆ ಗುರುತು ಸಿಕ್ಕಿತು.

ಅಂದು ಸಂಜೆ ಅವನು ಸ್ಟ್ಯಾಂಡಿನಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಇಷ್ಟು ದಿನ ಹೊಟ್ಟೇಲಿಟ್ಕೊಂಡು ಹೆಂಗ್ ತಿರುಗಿದ್ರಿ?"

"ನೀವೇ ಹೇಳ್ಕೊಟ್ಟಿದ್ದು..."

"ಹೌದು. ರೂಲು ನಂದೇ." ಅವನು ಕೇಳಿದ, "ಎತ್ತಿ ಆಡ್ಸಿದ್ ಕೂಸು ಅಂದ್ಲಾ?"

"ಹೂಂ. ನಗ್ತಾ ಅಂದ್ರು."

ಅವನು ಬ್ಯಾಗಿನಿಂದ ಎರಡು ಮೊಳ ಮಲ್ಲಿಗೆ ತೆಗೆದ. ಒಂದನ್ನು ಅವಳ ಕೈಗಿಟ್ಟ. ಅವಳು ಮುಡಿದುಕೊಂಡಳು.

"ಇನ್ನೊಂದು ಅಕ್ಕಂಗೆ. ನಾಳೆ ಸಮಾಧಿ ಹತ್ರ ಹೋಗೋಣ, ಬತ್ತೀಯಾ?"

"ಬತ್ತೀನಿ."

"ಬರಿಗೈಲಿ ಹೋಗಬಾರ್ದು ಅಂತ ನೀನು ಅವತ್ತೇ ಹೇಳಿದ್ದೆ."

ಅರ್ಪಿತ ಕೊಟ್ಟ ಮಾತು ಉಳಿಯಿತು. ಅವಳಿಗೆ ಮದನ್ ಸಿಕ್ಕಿದ. ಸರ್ವಮಂಗಳಾಗೆ ತಮ್ಮ ಸಿಗಲಿಲ್ಲ.